ಗಾಳಿ ಬಂದು ಹೋದ ಮೇಲೆ ಊರಿನ ಹಾನಿ ಬರೆದುಕೊಳ್ಳುವುದು ಹೇಗೆ

ಕಳೆದ ವರ್ಷ ಕೃತ್ತಿಕೆ ಮಳೆ ಹುಟ್ಟಿದ ಮೂರನೇ ದಿನ. ರಾತ್ರಿ ಒಂಬತ್ತೂವರೆಗೆ ಅಣ್ಣನ ಮಗ ಫೋನ್ ಮಾಡಿದ. "ಅತ್ತೆ, ಸುಂಟರಗಾಳಿ ಬಂದು ಊರೇ ಕಿತ್ತು ಹೋಯ್ತು. ಬೆಳಗ್ಗೆ ಜೆಸಿಬಿ ತರಿಸಿ ಎಲ್ಲಾ ಕ್ಲೀನ್ ಮಾಡಿಸ್ತೀವಿ" ಅಂದ. "ದಾರಿಗೆ ಅಡ್ಡ ಬಿದ್ದಿರೋದನ್ನ ತೆಗೀರಿ ಕಣೋ, ಮಿಕ್ಕಿದ್ದು ಏನೂ ಮುಟ್ಟಬೇಡಿ. ಮೊದಲನೇ ಬಸ್ಸಿಗೆ ಬರ್ತೀನಿ" ಅಂತ ಹೇಳಿ ಚೀಲ ಕಟ್ಟಲು ಕೂತೆ.

ನಾನು 31 ವರ್ಷ ಗ್ರಾಮ ಲೆಕ್ಕಿಗಳಾಗಿದ್ದವಳು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ದೊಡ್ಡ ಹೆಸರು ಬಂದಿದೆ. ಊರಿನವರ ಬಾಯಲ್ಲಿ ಮಾತ್ರ ಇವತ್ತಿಗೂ ವಿಎ ಮೇಡಂ. ನಿವೃತ್ತಿಯಾಗಿ ಯಲಹಂಕದಲ್ಲಿದ್ದೇನೆ. ನಮ್ಮೂರು ರಾಜಾನುಕುಂಟೆ ದಾಟಿ ಒಳಗೆ. ಬೆಂಗಳೂರಲ್ಲಿ ಕೆಲಸ ಮಾಡಿಕೊಂಡು ಶನಿವಾರ ಭಾನುವಾರ ಊರಿಗೆ ಓಡುವ ನನ್ನ ಅಣ್ಣನ ಮಗನಂಥ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸರ್ಕಾರದ ಸಮೀಕ್ಷೆ ಬೇರೆ. ಅದನ್ನು ಕಂದಾಯದವರು, ಕೃಷಿ ಮತ್ತು ತೋಟಗಾರಿಕೆಯವರು ಸೇರಿ ಮಾಡುತ್ತಾರೆ. ನೀವು ಮಾಡುವುದು ಊರಿನ ಪಟ್ಟಿ. ಅದರ ಬೆಲೆ ಏನು ಅಂದರೆ, ಒಬ್ಬ ವಿಎಗೆ ಎಷ್ಟೋ ಊರುಗಳಿರುತ್ತವೆ, ಗಾಳಿ ಎಲ್ಲಾ ಕಡೆ ಒಂದೇ ರಾತ್ರಿ ಬೀಸಿರುತ್ತದೆ. ಅವರು ಬರುವ ಹೊತ್ತಿಗೆ ತಗಡು ಗುಜರಿಗೆ, ಮಾವಿನಕಾಯಿ ಮಂಡಿಗೆ, ಮರ ಸಾಮಿಲ್ಲಿಗೆ ಹೋಗಿರುತ್ತದೆ. ನಾನೇ ಎಷ್ಟೋ ಸಲ ನಾಲ್ಕನೇ ದಿನ ಹೋಗಿ, ಗುಡಿಸಿ ಸಾರಿಸಿದ ಅಂಗಳ ನೋಡಿಕೊಂಡು "ಎಲ್ಲಮ್ಮ ಬಿದ್ದಿತ್ತು?" ಅಂತ ಕೇಳಿದ್ದೇನೆ.

ಮೊದಲು ತಂತಿ

ಗಾಳಿ ನಿಂತ ಮೇಲೂ ಜೀವ ಹೋಗುವುದು ತಂತಿಯಿಂದ. ಊರಲ್ಲೆಲ್ಲಾ ಕರೆಂಟ್ ಇಲ್ಲ, ಆದ್ದರಿಂದ ಬಿದ್ದ ತಂತಿ ಸತ್ತಿದೆ ಅಂತ ಅಂದುಕೊಳ್ಳಬೇಡಿ. ಯಾರದೋ ಮನೆಯ ಜನರೇಟರ್ ಸರಿಯಾಗಿ ಜೋಡಿಸಿಲ್ಲದಿದ್ದರೆ ಕರೆಂಟ್ ವಾಪಸ್ ಲೈನಿಗೆ ಹರಿಯುತ್ತದೆ. ಅಥವಾ ನೀವು ನೋಡುತ್ತಿರುವಾಗಲೇ ಸಬ್‌ಸ್ಟೇಷನ್‌ನಲ್ಲಿ ಲೈನ್ ಆನ್ ಮಾಡಬಹುದು. ತಂತಿ ಮುಳ್ಳುತಂತಿ ಬೇಲಿಯ ಮೇಲೆ ಬಿದ್ದಿದ್ದರೆ ಬೇಲಿ ಉದ್ದಕ್ಕೂ ಕರೆಂಟ್ ಇರಬಹುದು, ನೂರು ಅಡಿ ಆಚೆ ಕೈ ಇಟ್ಟವನಿಗೂ ಹೊಡೆಯುತ್ತದೆ. ಬೆಸ್ಕಾಂ ಸಹಾಯವಾಣಿ 1912. ಫೋನ್ ಮಾಡುವಾಗ ಕಂಬದ ಮೇಲೆ ಬರೆದಿರುವ ನಂಬರ್ ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್ ಹೆಸರು ಹೇಳಿದರೆ ಲೈನ್‌ಮ್ಯಾನ್‌ಗೆ ಬೇಗ ಗೊತ್ತಾಗುತ್ತದೆ. ಲೈನ್‌ಮ್ಯಾನ್ ಬಂದು "ಆಫ್ ಮಾಡಿದೀನಿ, ಹೋಗಬಹುದು" ಅನ್ನುವ ತನಕ ಆ ಬೀದಿ ಬಿಟ್ಟು ಬೇರೆ ಬೀದಿ ಹಿಡಿಯಿರಿ.

ಎರಡನೆಯದು ಮಣ್ಣಿನ ಗೋಡೆ. ನೆನೆದ ಗೋಡೆ ಮಳೆಯಲ್ಲಿ ಬೀಳದಿದ್ದರೂ, ಬಿಸಿಲು ಬಂದು ಒಣಗುವಾಗ ಬೀಳಬಹುದು. ಅಂಥ ಮನೆಯೊಳಗೆ ಫೋಟೋಗೆ ಅಂತ ಹೋಗಬೇಡಿ, ಬಾಗಿಲಲ್ಲೇ ನಿಂತು ಕೈ ಚಾಚಿ ತೆಗೆಯಿರಿ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಒಡೆದ ಚೂರನ್ನು ಒಣಗಿದಂತೆಯೇ ಗುಡಿಸಿದರೆ ಅದರ ಪುಡಿ ಎದೆಗೆ ಹೋಗುತ್ತದೆ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಎತ್ತಲು ಹೇಳಿ. ಶೀಟಿನ ಕೆಳಗೆ ಹಾವು ಸೇರಿರುತ್ತೆ ಅಂತ ಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ನೀವು ಬೆಂಗಳೂರಿನ ಚಪ್ಪಲಿಯಲ್ಲಿ ಬಂದಿರುತ್ತೀರಿ, ಅಲ್ವಾ? ಶೂ ಹಾಕಿಕೊಳ್ಳಿ.

ಚೀಲದಲ್ಲಿ ಇರಬೇಕಾದದ್ದು ಜಾಸ್ತಿ ಏನಿಲ್ಲ. ಗಟ್ಟಿ ರಟ್ಟಿನ ನೋಟ್‌ಬುಕ್, ಎರಡು ಪೆನ್ಸಿಲ್ (ಪೆನ್ನು ಹನಿ ಬಿದ್ದರೆ ಕಲಸಿಹೋಗುತ್ತದೆ), ನೂರು ಅಡಿ ಟೇಪು, ಸೀಮೆಸುಣ್ಣ, ಪವರ್ ಬ್ಯಾಂಕ್. ಊರಲ್ಲಿ ಕರೆಂಟ್ ಇರಲ್ಲ, ಟವರ್ ಕೂಡ ಕೈ ಕೊಟ್ಟಿರುತ್ತದೆ. ಯಾವ ಜಾಗ ಯಾವ ಸರ್ವೆ ನಂಬರಿಗೆ ಬರುತ್ತೆ ಅಂತ ತೋರಿಸುವ ದಿಶಾಂಕ್ ಆ್ಯಪ್ ನೆಟ್‌ವರ್ಕ್ ಇಲ್ಲದಾಗ ಉಪಯೋಗಕ್ಕೆ ಬರಲ್ಲ. ಅದಕ್ಕೇ ಮನೆಯಿಂದ ಹೊರಡುವಾಗಲೇ ಊರಿನ ನಕ್ಷೆಯ ಒಂದು ಪ್ರಿಂಟ್ ತೆಗೆದುಕೊಂಡು ಬನ್ನಿ. ನಾನು ಮರೆಯದೆ ಇಟ್ಟುಕೊಳ್ಳುವುದು ಹುರಿದ ಕಡ್ಲೆಕಾಯಿ, ಬೆಲ್ಲ. ಮನೆ ಬಿದ್ದವರ ಹತ್ತಿರ ಹೋಗಿ ಕಾಫಿ ಮಾಡಿಸಿಕೊಂಡು ಕುಡಿಯುವುದು ಚೆನ್ನಾಗಿರಲ್ಲ.

ಬೀಳದ್ದರಿಂದ ಶುರು ಮಾಡಿ

ಎಲ್ಲರೂ ಮಾಡುವ ತಪ್ಪು ಅಂದರೆ ಹೆಚ್ಚು ಹಾನಿಯಾದ ಕಡೆಗೆ ನೇರ ಹೋಗುವುದು. ಅಲ್ಲಿ ಜನ ಸೇರಿರುತ್ತಾರೆ, ಒಬ್ಬೊಬ್ಬರೂ ಕೈ ಹಿಡಿದು ಎಳೆಯುತ್ತಾರೆ, ಸಂಜೆಯಾಗುತ್ತದೆ. ಅಂಚಿನಿಂದ ಬನ್ನಿ. ಏನೂ ಆಗದ ಜಾಗದಲ್ಲಿ ನಿಂತು ಮೊದಲ ಸಾಲು ಬರೆಯಿರಿ. ನಮ್ಮೂರಿನ ಪಟ್ಟಿಯ ಮೊದಲ ಸಾಲು ಹೀಗಿತ್ತು: "ಬಸ್ ಸ್ಟಾಪ್ ಹುಣಸೆಮರ, ಕೊಂಬೆ ಮುರಿದಿಲ್ಲ. ಕೆಳಗಿನ ಗೂಡಂಗಡಿ ತಗಡು ಹಾಗೇ ಇದೆ." ಅಣ್ಣನ ಮಗ ನಕ್ಕ. "ಆಗದೇ ಇರೋದನ್ನ ಯಾಕೆ ಬರೀತೀರ ಅತ್ತೆ?" ಅಂದ. ಎಲ್ಲಿ ಬಿದ್ದಿಲ್ಲ ಅಂತ ಗೊತ್ತಿಲ್ಲದೆ ಎಲ್ಲಿಂದ ಬಿತ್ತು ಅಂತ ಹೇಗಪ್ಪಾ ಹೇಳ್ತೀಯ? ಗಾಳಿಯ ಅಗಲ ತಿಳಿಯುವುದು ಎರಡೂ ಕಡೆಯ ಅಂಚಿನಿಂದ. ಇನ್ನೊಂದು ಲಾಭವೂ ಇದೆ. "ಈ ಗುಂಪಿನಲ್ಲಿ ಹನ್ನೊಂದು ಮನೆ, ಹಾನಿ ಮೂರಕ್ಕೆ" ಅಂತ ಬರೆದಿದ್ದರೆ, ಮಿಕ್ಕ ಎಂಟಕ್ಕೆ ಆಮೇಲೆ ಯಾರೂ ಹೆಸರು ಸೇರಿಸಲು ಬರಲ್ಲ.

ಗಾಳಿ ಹೋದ ದಾರಿಯುದ್ದಕ್ಕೂ ನಡೆಯಬೇಡಿ, ಅಡ್ಡ ನಡೆಯಿರಿ. ಈ ಅಂಚಿನಿಂದ ಆ ಅಂಚಿಗೆ, ಮತ್ತೆ ಇನ್ನೂರು ಮುನ್ನೂರು ಹೆಜ್ಜೆ ಮುಂದಕ್ಕೆ ಹೋಗಿ ವಾಪಸ್ಸು. ನೇಗಿಲ ಸಾಲು ಹೊಡೆದ ಹಾಗೆ. ನೋಡಿದ ಪ್ರತಿ ಮನೆಯ ಹೊಸಿಲ ಪಕ್ಕ ಸೀಮೆಸುಣ್ಣದಲ್ಲಿ ನಂಬರ್ ಹಾಕಿ, ಅದೇ ನಂಬರ್ ಪುಸ್ತಕದಲ್ಲೂ ಇರಲಿ.

ಈ ಅಭ್ಯಾಸ ನನಗೆ ತಪ್ಪಿನಿಂದ ಬಂದದ್ದು. ನೌಕರಿಗೆ ಸೇರಿದ ಹೊಸದರಲ್ಲಿ ಹೀಗೇ ಒಂದು ಊರಿಗೆ ಹೋಗಿದ್ದೆ. ಪಂಚಾಯ್ತಿ ಮೆಂಬರ್ ಮನೆಯಿಂದ ಶುರು ಮಾಡಿದೆ. ದೊಡ್ಡ ಬೀದಿ ಮುಗಿಯುವ ಹೊತ್ತಿಗೆ ಕತ್ತಲಾಯಿತು, ಕೊನೆಯ ಬಸ್ ಹಿಡಿಯಬೇಕಿತ್ತು. ಕೊನೆಯ ಓಣಿಯಲ್ಲಿ ಒಬ್ಬಳೇ ಇದ್ದ ಮುದುಕಿಯ ಮನೆ ನೋಡಲಿಲ್ಲ. "ಅವ್ವನ ಮನೆಗೇನೂ ಆಗಿಲ್ಲ ಬಿಡಿ ಮೇಡಂ" ಅಂತ ಯಾರೋ ಅಂದರು, ಹಾಗೇ ಬರೆದುಕೊಂಡೆ. ಎರಡು ದಿನ ಬಿಟ್ಟು ಹಿಂದಿನ ಗೋಡೆ ಕುಸಿಯಿತು. ಅಷ್ಟು ಹೊತ್ತಿಗೆ ಪಟ್ಟಿ ಮೇಲಕ್ಕೆ ಹೋಗಿತ್ತು. ಅವಳ ಹೆಸರು ಸೇರಿಸಲು ನಾನು ನಾಲ್ಕು ತಿಂಗಳು ಕಾಗದ ಹೊತ್ತುಕೊಂಡು ಓಡಾಡಿದೆ. ಅಲ್ಲಿಂದಾಚೆಗೆ ನಾನು ಯಾವ ಊರಿಗೆ ಹೋದರೂ ಕೊನೆಯ ಓಣಿಯೇ ಮೊದಲು.

ಸುಂಟರಗಾಳಿನಾ, ಬಿರುಗಾಳಿನಾ?

ನಮ್ಮ ಕಡೆ ಜೋರಾಗಿ ಬೀಸಿದ್ದೆಲ್ಲಾ ಸುಂಟರಗಾಳಿಯೇ. ಪೇಪರಿನಲ್ಲೂ ಹಾಗೇ ಬರುತ್ತದೆ. ಮಧ್ಯಾಹ್ನ ಬಯಲಲ್ಲಿ ತರಗೆಲೆ, ದೂಳು ಸುತ್ತಿಸಿಕೊಂಡು ಹೋಗುವುದೂ ಸುಂಟರಗಾಳಿ, ಮೋಡದಿಂದ ಇಳಿದು ಊರು ಕೆಡವುವ ಟೊರ್ನಾಡೊ ಕೂಡ ಸುಂಟರಗಾಳಿ. ಟೊರ್ನಾಡೊ ನಮ್ಮ ದೇಶಕ್ಕೆ ಬರಲ್ಲ ಅಂತೇನಿಲ್ಲ. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುರಿ ಜಿಲ್ಲೆಯ ಮೈನಾಗುರಿಯಲ್ಲಿ ಬಂದಿತ್ತು. ಆದರೆ ಬೆಂಗಳೂರಿನ ಸುತ್ತ ಏಪ್ರಿಲ್, ಮೇ ತಿಂಗಳಲ್ಲಿ ಬರುವುದು ಸಾಮಾನ್ಯವಾಗಿ ಬೇರೆಯದು. ಗುಡುಗಿನ ಮೋಡದೊಳಗೆ ಮಳೆಯಿಂದ ತಣ್ಣಗಾದ ಗಾಳಿ ಭಾರವಾಗಿ ಒಮ್ಮೆಲೇ ಕೆಳಕ್ಕೆ ಬೀಳುತ್ತದೆ. ಅಂಗಳಕ್ಕೆ ಬಿಂದಿಗೆ ನೀರು ದಬ್ಬಂತ ಸುರಿದರೆ ಸುತ್ತ ಚಿಮ್ಮುತ್ತಲ್ಲ, ಹಾಗೆ ನೆಲಕ್ಕೆ ಬಡಿದು ಹರಡುತ್ತದೆ. ಇದಕ್ಕೆ ಡೌನ್‌ಬರ್ಸ್ಟ್ ಅಂತಾರೆ. ಅದು ಹರಡಿದ ಜಾಗದ ಅಗಲ ನಾಲ್ಕು ಕಿಲೋಮೀಟರ್ ಒಳಗಿದ್ದರೆ ಮೈಕ್ರೋಬರ್ಸ್ಟ್.

ಇದನ್ನು ಕಂಡುಹಿಡಿದವನೂ ಬಿದ್ದ ಮರಗಳನ್ನು ನೋಡಿಯೇ ಕಂಡುಹಿಡಿದ. ಜಪಾನಿನ ಫುಜಿತ ಅನ್ನುವ ವಿಜ್ಞಾನಿ. ಹರೆಯದಲ್ಲಿ, 1945ರಲ್ಲಿ, ನಾಗಾಸಾಕಿ ಮತ್ತು ಹಿರೋಷಿಮಾಗಳಿಗೆ ಹೋಗಿ ಬಾಂಬಿನ ಹೊಡೆತಕ್ಕೆ ಏನೇನು ಯಾವ ಕಡೆ ಬಿದ್ದಿದೆ ಅಂತ ನೋಡಿದ್ದ. ಆಮೇಲೆ ಅಮೆರಿಕದಲ್ಲಿ ನೆಲೆಸಿದ. ಅಲ್ಲಿ 1974ರ ಏಪ್ರಿಲ್ 3, 4ರಂದು ಒಂದೇ ಸಮ 148 ಟೊರ್ನಾಡೊ ಎದ್ದವು. ಹಾನಿ ನೋಡಲು ವಿಮಾನದಲ್ಲಿ ಹೋದಾಗ ಕೆಲವು ಕಾಡುಗಳಲ್ಲಿ ಮರಗಳು ಸುತ್ತಿದ ಹಾಗೆ ಬಿದ್ದಿರಲಿಲ್ಲ. ಒಂದು ನಡುವಿನಿಂದ ಹೊರಕ್ಕೆ, ನಕ್ಷತ್ರದ ಹಾಗೆ ಹರಡಿದ್ದವು. ಜಪಾನಿನಲ್ಲಿ ಕಂಡದ್ದು ಅವನಿಗೆ ನೆನಪಾಯಿತು. ಮರು ವರ್ಷ ನ್ಯೂಯಾರ್ಕಿನಲ್ಲಿ ಒಂದು ವಿಮಾನ ಇಳಿಯುವಾಗ ಬಿದ್ದಿತು. ಅದಕ್ಕೂ ಮೇಲಿಂದ ಕೆಳಕ್ಕೆ ಬಡಿದ ಇಂಥದೇ ಗಾಳಿ ಕಾರಣ ಅಂತ ಅವನು ತೋರಿಸಿದ.

ನಮಗೆ ವಿಮಾನ ಬೇಡ, ಮೊಬೈಲಿನ ಕಂಪಾಸ್ ಸಾಕು. ಬಿದ್ದ ಮರದ ಬುಡದಲ್ಲಿ ನಿಂತು ತಲೆಯ ಕಡೆ ಮುಖ ಮಾಡಿ. ಎಷ್ಟು ಡಿಗ್ರಿ ತೋರಿಸುತ್ತೆ, ಅಷ್ಟೇ ಬರೆಯಿರಿ. ಟ್ರ್ಯಾಕ್ಟರ್, ತಗಡು, ಕಬ್ಬಿಣದ ಗೇಟ್ ಹತ್ತಿರ ಕಂಪಾಸ್ ದಿಕ್ಕು ತಪ್ಪುತ್ತದೆ, ಹತ್ತು ಹೆಜ್ಜೆ ದೂರ ಸರಿದು ನೋಡಿ. ಡಿಗ್ರಿ ತಲೆಗೆ ಹತ್ತದಿದ್ದರೆ ಮೂಡಲು, ಪಡುವಲು, ತೆಂಕಲು, ಬಡಗಲು ಅಂತ ಬರೆದರೂ ಸರಿ. ಆಮೇಲೆ ನಕ್ಷೆ ಮೇಲೆ ಪ್ರತಿ ಮರಕ್ಕೂ ಒಂದು ಬಾಣದ ಗುರುತು ಹಾಕಿ.

ನಮ್ಮೂರಲ್ಲಿ 37 ಬಾಣ ಆದವು. ಕೆರೆ ಏರಿಯ ಕೆಳಗೆ ಎಲ್ಲವೂ ತೆಂಕಲಿಗೆ. ಅಲ್ಲಿಂದ ಎಡಕ್ಕೆ, ದ್ರಾಕ್ಷಿ ತೋಟದ ಕಡೆ ಹೋದಂತೆ ಆಗ್ನೇಯಕ್ಕೆ ವಾಲಿದ್ದವು. ಬಲಕ್ಕೆ, ಸ್ಕೂಲಿನ ಕಡೆ ನೈಋತ್ಯಕ್ಕೆ. ಡೇರಿ ಕಟ್ಟೆ ಮೇಲೆ ನಕ್ಷೆ ಹರಡಿ ನೋಡಿದರೆ ಅಂಗೈ ಊರಿ ಬೆರಳು ಬಿಡಿಸಿದ ಹಾಗಿತ್ತು. ಟೊರ್ನಾಡೊ ಆಗಿದ್ದರೆ ಹಾನಿಯಾದ ಜಾಗ ಉದ್ದಕ್ಕೆ, ಕಿರಿದಾದ ಪಟ್ಟೆಯ ಹಾಗೆ ಇರುತ್ತಿತ್ತು. ಎರಡೂ ಅಂಚಿನ ಮರಗಳು ಒಳಗೆ, ನಡುಗೆರೆಯ ಕಡೆಗೆ ತಲೆ ಹಾಕಿರುತ್ತಿದ್ದವು. ಒಂದರ ಮೇಲೊಂದು ಅಡ್ಡಡ್ಡ ಬಿದ್ದಿರುತ್ತಿದ್ದವು. ಅಣ್ಣನ ಮಗನಿಗೆ ಸ್ವಲ್ಪ ಬೇಜಾರೇ ಆಯಿತು. ರಾತ್ರಿಯೇ ಗ್ರೂಪಿಗೆಲ್ಲಾ ಸುಂಟರಗಾಳಿ ಅಂತ ಹಾಕಿಬಿಟ್ಟಿದ್ದ.

ಯಾವ ಸಾಕ್ಷಿಯನ್ನು ನಂಬಬೇಕು ಅನ್ನುವುದೂ ಮುಖ್ಯ. ನುಗ್ಗೆ ಮರ ಯಾರಾದರೂ ಜೋರಾಗಿ ಸೀನಿದರೂ ಮುರಿಯುತ್ತದೆ. ಬಾಳೆಯೂ ಅಷ್ಟೇ. ಅವನ್ನು ನಷ್ಟದ ಲೆಕ್ಕಕ್ಕೆ ಬರೆಯಿರಿ, ಗಾಳಿಯ ಜೋರು ಅಳೆಯಲು ಹಿಡಿಯಬೇಡಿ. ಹುಣಸೆ, ಬೇವು ಬಿದ್ದಿದ್ದರೆ ನಿಂತು ನೋಡಿ. ಬುಡಸಮೇತ ಕಿತ್ತಿದೆಯೋ, ಕಾಂಡ ಮುರಿದಿದೆಯೋ? ಬೇರಿನ ಗುಂಡಿಯ ಮಣ್ಣು ರಾಡಿಯಾಗಿದೆಯೋ, ಗಟ್ಟಿಯಿದೆಯೋ? ನೆನೆದ ನೆಲದಲ್ಲಿ ಮರ ಸುಲಭವಾಗಿ ಕಿತ್ತು ಬರುತ್ತದೆ. ಮುರಿದ ಕಾಂಡದೊಳಗೆ ಗೆದ್ದಲು, ಟೊಳ್ಳು ಇತ್ತಾ ಅಂತಲೂ ನೋಡಿ. ಕರೆಂಟ್ ಕಂಬ ಮಾತ್ರ ಮೋಸ ಮಾಡುತ್ತದೆ. ಒಂದು ಕಂಬಕ್ಕೆ ಮರ ಬಿದ್ದರೆ ತಂತಿ ಎಳೆದು ಆಚೆ ಈಚೆಯ ನಾಲ್ಕು ಕಂಬ ಉರುಳುತ್ತವೆ. ಅವು ಬಿದ್ದದ್ದು ತಂತಿ ಎಳೆದ ಕಡೆಗೆ, ಗಾಳಿ ಬೀಸಿದ ಕಡೆಗಲ್ಲ.

ವೇಗ ಎಷ್ಟಿತ್ತು ಅಂತ ಎಲ್ಲರೂ ಕೇಳುತ್ತಾರೆ. ಸಮುದ್ರದವರು ಬಳಸುವ ಬೋಫರ್ಟ್ ಅಳತೆಯಲ್ಲಿ ಗಂಟೆಗೆ 62ರಿಂದ 74 ಕಿ.ಮೀ. ಅಂದರೆ ಮರದ ರೆಂಬೆಗಳು ಮುರಿಯುವಷ್ಟು, 89ರಿಂದ 102 ಅಂದರೆ ಮರ ಬುಡಸಮೇತ ಏಳುವಷ್ಟು. ಇದು ಅಂದಾಜಿಗೆ ಅಷ್ಟೇ. ಅಮೆರಿಕದಲ್ಲಿ ಫುಜಿತನ ಹೆಸರಿನದೇ ಅಳತೆ ಇದೆ. 2007ರಿಂದ ಅದರ ತಿದ್ದಿದ ರೂಪ ನಡೆಯುತ್ತಿದೆ. ಸೊನ್ನೆಯಿಂದ ಐದರ ತನಕ, ಗಂಟೆಗೆ 105 ಕಿ.ಮೀ.ಯಿಂದ ಶುರುವಾಗಿ 322 ದಾಟುವ ತನಕ. ಅದೂ ಅಳೆದ ವೇಗ ಅಲ್ಲ, ಹಾನಿ ನೋಡಿ ಊಹಿಸಿದ ವೇಗ. ಅದಕ್ಕೆ ಅವರು 28 ಬಗೆಯ ಕಟ್ಟಡ, ಮರಗಳ ಪಟ್ಟಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಮೇಲೆ ಕಲ್ಲು ಹೇರಿದ ನಮ್ಮ ತಗಡಿನ ಮನೆ ಎಲ್ಲಿಂದ ಬರಬೇಕು? ಸುಮ್ನೆ ನಂಬರ್ ಹಾಕಲು ಹೋಗಬೇಡಿ. ಕಂಡದ್ದನ್ನು ಬರೆಯಿರಿ. ವೇಗ ಬೇಕಾದವರಿಗೆ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ಅದರ ಮಳೆಮಾಪಕ ಪಂಚಾಯ್ತಿ ಮಟ್ಟದಲ್ಲಿ, ಗಾಳಿ ಅಳೆಯುವ ಯಂತ್ರ ಹೋಬಳಿ ಮಟ್ಟದಲ್ಲಿ ಇರುತ್ತದೆ. ಹಾನಿಯಾದ ತಾರೀಕು, ಗಂಟೆ ನಿಮ್ಮ ಪಟ್ಟಿಯಲ್ಲಿ ಸರಿಯಾಗಿದ್ದರೆ ಆ ಅಂಕಿಗೆ ಹೊಂದಿಸಿ ನೋಡಬಹುದು.

ಮನೆಗಳು

"ಶೀಟ್ ಹಾರಿದೆ" ಅಂತ ಬರೆದರೆ ಏನೂ ಬರೆದ ಹಾಗಲ್ಲ. ಒಟ್ಟು ಶೀಟ್ ಎಷ್ಟು, ಹೋದದ್ದು ಎಷ್ಟು, ತಗಡೋ ಸಿಮೆಂಟೋ, ಎಷ್ಟು ದೂರ ಹಾರಿ ಬಿತ್ತು. "ಒಟ್ಟು 12, ಹೋದದ್ದು 5, ಎರಡು ಪಕ್ಕದ ರೇಷ್ಮೆ ಮನೆ ಮೇಲೆ" ಅಂತ ಇರಬೇಕು. ಯಾಕೆ ಅಂದರೆ 2022-23ರಿಂದ 2025-26ರ ಅವಧಿಯ ಕೇಂದ್ರದ ವಿಕೋಪ ಪರಿಹಾರದ ಮಾರ್ಗಸೂಚಿಯಲ್ಲಿ ಶೇ 15ಕ್ಕಿಂತ ಕಡಿಮೆ ಹಾನಿಯಾದ ಮನೆ ಲೆಕ್ಕಕ್ಕೇ ಬರಲ್ಲ. ಅದಕ್ಕೆ ಮೇಲ್ಪಟ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000. ಮನೆಗೆ ಸೇರಿದ ಕೊಟ್ಟಿಗೆಗೆ 3,000. ಶೇ 14 ಮತ್ತು ಶೇ 16ರ ನಡುವೆ ಒಬ್ಬರ ಪೂರ್ತಿ ಪರಿಹಾರವೇ ನಿಂತಿರುತ್ತದೆ.

ಶೀಟನ್ನು ಹೇಗೆ ಕೂರಿಸಿದ್ದರು ಅಂತ ನೋಡಿ. ಜೆ ಬೋಲ್ಟ್ ಇದ್ದ ತಗಡಾದರೆ ತೂತು ಉದ್ದುದ್ದ ಹರಿದಿರುತ್ತದೆ, ಅಂಚಿನ ತಗಡು ನಾಲಿಗೆಯ ಹಾಗೆ ಮಡಚಿರುತ್ತದೆ. ಗಾಳಿ ನಿಜವಾಗಿ ಕಿತ್ತಿದೆ. ಬರೀ ಕಲ್ಲು ಹೇರಿದ್ದರೆ ತಗಡಿನಲ್ಲಿ ತೂತೇ ಇರಲ್ಲ, ಕಲ್ಲುಗಳು ಮನೆಯೊಳಗೇ ಬಿದ್ದಿರುತ್ತವೆ. ಇದು ಪರಿಹಾರಕ್ಕೆ ಸಂಬಂಧವಿಲ್ಲದಿದ್ದರೂ ಬರೆಯಿರಿ, ಮನೆ ಮತ್ತೆ ಕಟ್ಟುವಾಗ ಬೇಕಾಗುತ್ತದೆ. ನಮ್ಮೂರಲ್ಲಿ ಕಲ್ಲು ಹೇರಿದ ಒಂಬತ್ತು ಮನೆಯಲ್ಲಿ ಎಂಟಕ್ಕೆ ಚಾವಣಿ ಇರಲಿಲ್ಲ. ಒಬ್ಬರ ಅನ್ನದ ಪಾತ್ರೆಯೊಳಗೆ ಇಡೀ ಕಲ್ಲು ಕೂತಿತ್ತು. ಹುಣ್ಣಿಮೆ ಚಂದ್ರನಷ್ಟು ದುಂಡಗೆ ಪಾತ್ರೆಯ ತಳ ಒಳಗೆ ಹೋಗಿತ್ತು. ಆ ಹೆಣ್ಣುಮಗಳು ಅದನ್ನು ಎತ್ತಿ ತೋರಿಸಿ ನಕ್ಕಳು. ಊಟಕ್ಕೆ ಕೂರುವ ಐದು ನಿಮಿಷ ಮುಂಚೆ ಅಂತೆ.

ಹಳೆಯ ಬಿರುಕನ್ನು ಹೊಸದು ಅಂತ ತೋರಿಸುವವರೂ ಇರುತ್ತಾರೆ. ಕೋಪ ಮಾಡಿಕೊಳ್ಳಬೇಡಿ, ಹತ್ತಿರ ಹೋಗಿ ನೋಡಿ. ಹೊಸದಾಗಿ ಮುರಿದ ಮಣ್ಣಿನ ಗೋಡೆಯ ಒಳಭಾಗಕ್ಕೆ ಬೇರೆ ಬಣ್ಣ, ಅಂಚು ಚೂಪು. ಹಳೆಯದಾದರೆ ಅಂಚು ಸವೆದಿರುತ್ತದೆ, ಸಂದಿಯಲ್ಲಿ ಜೇಡರ ಬಲೆ, ಪಾಚಿಯ ಹಸಿರು. "ಅಣ್ಣ, ಇದು ಹೋದ ವರ್ಷದ್ದಲ್ವಾ?" ಅಂತ ಮೆಲ್ಲಗೆ ಕೇಳಿದರೆ ಮುಕ್ಕಾಲು ಜನ ಒಪ್ಪಿಕೊಳ್ಳುತ್ತಾರೆ. ಒಂದು ಸುಳ್ಳು ಸಾಲು ಸಿಕ್ಕಿಬಿದ್ದರೆ ಮಿಕ್ಕ ನಲವತ್ತು ಸಾಲನ್ನೂ ಅನುಮಾನದಿಂದ ನೋಡುತ್ತಾರೆ. ನೋಡುವ ಕಡೆ ಕೂತಿದ್ದವಳು ನಾನೇ ಆದ್ದರಿಂದ ಗೊತ್ತು.

ಫೋಟೋ ಒಂದು ಮನೆಗೆ ನಾಲ್ಕು ಸಾಕು. ಅಕ್ಕಪಕ್ಕದ ಮನೆ ಕಾಣುವ ಹಾಗೆ ದೂರದಿಂದ ಒಂದು. ಮನೆಯವರು ಮತ್ತು ಸೀಮೆಸುಣ್ಣದ ನಂಬರ್ ಕಾಣುವ ಹಾಗೆ ಎದುರಿಂದ ಒಂದು. ಒಳಗಿಂದ (ಗೋಡೆ ನೆನೆದಿದ್ದರೆ ಬಾಗಿಲಿಂದಲೇ) ಆಕಾಶ ಕಾಣುವ ಹಾಗೆ ಒಂದು. ಮುರಿದ ಜಾಗ ಹತ್ತಿರದಿಂದ ಒಂದು, ಪಕ್ಕದಲ್ಲಿ ಪೆನ್ಸಿಲ್ ಇಟ್ಟು. ಮೊಬೈಲಿನಲ್ಲಿ ಲೊಕೇಶನ್ ಆನ್ ಇರಲಿ. ಆ ಫೋಟೋಗಳನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಹಾಗೆ ಕಳಿಸಿದರೆ ಒಳಗಿನ ಜಾಗ, ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಮೂಲ ಫೋಟೋ ಫೋನಿನಲ್ಲೇ ಉಳಿಸಿಕೊಳ್ಳಿ.

ತೋಟ, ಹೊಲ, ದನ

ಬೆಳೆಗೆ ಶೇ 33 ಅನ್ನುವ ಗೆರೆ ಇದೆ. ಅದಕ್ಕಿಂತ ಕಡಿಮೆ ನಷ್ಟವಾದರೆ ಪರಿಹಾರವಿಲ್ಲ. ಅದೇ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ದ್ರಾಕ್ಷಿ, ಮಾವಿನಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಒಬ್ಬ ರೈತನಿಗೆ ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಎಕರೆ ಲೆಕ್ಕದಲ್ಲಿ ಸುಮಾರು 3,440, 6,880, 9,100. ದ್ರಾಕ್ಷಿ ಚಪ್ಪರದ ಖರ್ಚು ಗೊತ್ತಿದ್ದವರಿಗೆ ಈ ದುಡ್ಡು ಎಷ್ಟರದ್ದು ಅಂತ ಗೊತ್ತು. ಆದರೂ ಬರಬೇಕಾದದ್ದು ಬರಲಿ.

ಶೇಕಡಾ ಹೇಗೆ ಹಾಕುವುದು? ತೋಟದ ಬಾಗಿಲಲ್ಲಿ ನಿಂತು "ಅರ್ಧ ಹೋಗಿದೆ" ಅನ್ನಬೇಡಿ. ನಾಲ್ಕು ಮೂಲೆ, ಒಂದು ನಡು, ಒಟ್ಟು ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ಎಣಿಸಿ. ನೂರಕ್ಕೆ ಎಷ್ಟು ಮುರಿದಿದೆಯೋ ಅದೇ ಶೇಕಡಾ. ದ್ರಾಕ್ಷಿಯಾದರೆ ಚಪ್ಪರದ ಕಲ್ಲುಕಂಬ ಎಷ್ಟು ಉರುಳಿದೆ, ಎಷ್ಟು ಸಾಲು ನೆಲಕ್ಕೆ ಬಿದ್ದಿದೆ ಅಂತ ಬೇರೆ ಬರೆಯಿರಿ. ಮಾವಿನ ತೋಟಕ್ಕೆ ಬೆಳಗ್ಗೆ ಏಳರೊಳಗೆ ಹೋಗಿ. ಎಂಟಕ್ಕೆ ಉದುರಿದ ಕಾಯಿ ಒಂದೂ ಇರಲ್ಲ, ಊರಿನ ಉಪ್ಪಿನಕಾಯಿ ಜಾಡಿಗಳಲ್ಲಿ ಇರುತ್ತದೆ. ಪಾಲಿಹೌಸಿನಲ್ಲಿ ಹರಿದ ಪ್ಲಾಸ್ಟಿಕ್, ಬಾಗಿದ ಪೈಪು ಒಂದು ಲೆಕ್ಕ, ಒಳಗಿನ ಕ್ಯಾಪ್ಸಿಕಂ ಇನ್ನೊಂದು. ಎರಡನ್ನೂ ಒಂದೇ ಸಾಲಲ್ಲಿ ಕಲಸಿದರೆ ಎರಡೂ ಸಿಗಲ್ಲ.

ಆಲಿಕಲ್ಲು ಬಿದ್ದಿದ್ದರೆ ಖಂಡಿತ ಬರೆಯಿರಿ, ಗಾತ್ರದ ಸಮೇತ. ಗೋಲಿಯಷ್ಟೋ, ನಿಂಬೆಹಣ್ಣಿನಷ್ಟೋ? ಕೇಂದ್ರದ ವಿಕೋಪಗಳ ಪಟ್ಟಿಯಲ್ಲಿ ಆಲಿಕಲ್ಲು ಮಳೆಯ ಹೆಸರು ಇದೆ, ಬರೀ ಗಾಳಿಯ ಹೆಸರು ಇಲ್ಲ. ಆಲಿಕಲ್ಲಿನ ಏಟು ಮೊದಲ ದಿನ ಚುಕ್ಕೆಯಷ್ಟೇ ಕಾಣುತ್ತದೆ. ಕೊಳೆಯುವುದು ಮೂರನೇ ದಿನ. ಅದಕ್ಕೇ ಎರಡನೇ ಸುತ್ತು ಬೇಕು. ಬೆಳೆ ವಿಮೆ ಕಟ್ಟಿದವರು ಮಾತ್ರ ಆ ಮೂರನೇ ದಿನಕ್ಕೆ ಕಾಯಬಾರದು. 72 ಗಂಟೆಯೊಳಗೆ ತಿಳಿಸಬೇಕು, ನಂಬರ್ 14447.

ದನ ಸತ್ತಿದ್ದರೆ ಹೂಳುವ ಮುಂಚೆ ಪಶು ವೈದ್ಯರು ನೋಡಬೇಕು. ಕಿವಿಯ ಹಳದಿ ಓಲೆಯ 12 ಅಂಕಿ ಓದಲು ಬರುವ ಹಾಗೆ ಫೋಟೋ ತೆಗೆಯಿರಿ. ಅದೇ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500, ಕುರಿ ಮೇಕೆಗೆ 4,000 ರೂಪಾಯಿ ಇದೆ.

ಕೇಳುವ ರೀತಿ

"ಎಷ್ಟು ಗಂಟೆಗೆ ಗಾಳಿ ಬಂತು?" ಅಂದರೆ ಒಬ್ಬರು ಆರು ಅಂತಾರೆ, ಇನ್ನೊಬ್ಬರು ಎಂಟು. "ಡೇರಿಗೆ ಹಾಲು ಹಾಕಿ ಬಂದ ಮೇಲಾ, ಮುಂಚೆನಾ?" ಅಂತ ಕೇಳಿ. "ಕರೆಂಟ್ ಹೋದಾಗ ಟಿವಿಯಲ್ಲಿ ಏನು ಬರ್ತಿತ್ತು?" ಅಂತ ಕೇಳಿ. ನಾಲ್ಕು ಮನೆ ಕೇಳುವಷ್ಟರಲ್ಲಿ ಹತ್ತು ನಿಮಿಷದ ಅಂತರಕ್ಕೆ ಬರುತ್ತದೆ. "ಗಾಳಿ ಸುತ್ತಿಕೊಂಡು ಬಂತಾ?" ಅಂತ ಮಾತ್ರ ಕೇಳಬೇಡಿ. ಕೇಳಿದರೆ ಎಲ್ಲರೂ ಹೌದು ಅಂತಾರೆ. "ಏನು ಕಂಡಿತು, ಯಾವ ಕಡೆಯಿಂದ ಸದ್ದು ಬಂತು?" ಅಂತ ಕೇಳಿ ಸುಮ್ಮನಾಗಿ.

ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲೇ ಇರುವವರು, ಗುತ್ತಿಗೆಗೆ ಮಾಡುವವರು, ಇಟ್ಟಿಗೆ ಗೂಡಿನ ಹತ್ತಿರ ಶೆಡ್ ಹಾಕಿಕೊಂಡಿರುವ ರಾಯಚೂರು, ಯಾದಗಿರಿ ಕಡೆಯ ಕೂಲಿಯವರು ಯಾವ ದಾಖಲೆಯಲ್ಲೂ ಸುಲಭಕ್ಕೆ ಸಿಗಲ್ಲ. ನಿಮ್ಮ ಪಟ್ಟಿಯಲ್ಲಾದರೂ ಇರಲಿ. ಬೆಳೆ ಪರಿಹಾರ ಬರುವುದು ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ನಂಬರ್) ಮತ್ತು ಆಧಾರ್ ಜೋಡಿಸಿದ ಖಾತೆಗೆ. ಐಡಿ ಇಲ್ಲದವರ ಹೆಸರಿನ ಪಕ್ಕ ಒಂದು ಚುಕ್ಕೆ ಇಟ್ಟು, ಮಾರನೆಯ ದಿನವೇ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿ.

ಪಟ್ಟಿ ಮುಗಿದ ಮೇಲೆ ಮೇಲೊಂದು ಪುಟದ ಒಟ್ಟು ಲೆಕ್ಕ, ಕೆಳಗೆ ಊರಿನ ಐದು ಜನರ ಸಹಿ. ಮೂರು ಪ್ರತಿ ಮಾಡಿ. ಒಂದು ಪಂಚಾಯ್ತಿಗೆ, ಒಂದು ತಹಶೀಲ್ದಾರರ ಕಚೇರಿಗೆ, ಎರಡೂ ಕಡೆ ನಿಮ್ಮ ಮೂರನೇ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲಿಲ್ಲದ ಪ್ರತಿ ಕೊಟ್ಟಿಲ್ಲದ ಪ್ರತಿಯೇ. ವಿಎ ಬಂದು ಮಹಜರು ಬರೆಯುವ ದಿನ ನಕ್ಷೆ ಹಿಡಿದುಕೊಂಡು ಜೊತೆಗೆ ನಡೆಯಿರಿ. ಅವರಿಗೂ ಕಾಲು ನೋಯುತ್ತದೆ, ನಂಬರ್ ಹಾಕಿದ ಮನೆ ತೋರಿಸಿದರೆ ಖುಷಿಯೇ ಪಡುತ್ತಾರೆ.

ನಾನು ನಾಲ್ಕನೇ ದಿನ ಮತ್ತೆ ಹೋದೆ. ಅಣ್ಣನ ಮಗ ಕೆಲಸಕ್ಕೆ ವಾಪಸ್ಸು ಹೋಗಿದ್ದ. ಪಟ್ಟಿ ಅವನ ಚಿಕ್ಕ ತಂಗಿಯ ಕೈಯಲ್ಲಿತ್ತು, ಎಸ್ಸೆಸ್ಸೆಲ್ಸಿ ಹುಡುಗಿ. ನಾನು ಕೇಳುವ ಮುಂಚೆಯೇ ಕೊನೆಯ ಓಣಿಯಿಂದ ಸುತ್ತು ಹೊಡೆದು ಬಂದಿದ್ದಳು. ಪೆನ್ಸಿಲಿನಲ್ಲಿ ಎರಡು ಹೊಸ ಸಾಲು ಇದ್ದವು. ಒಂದು, ಒಣಗುವಾಗ ಕುಸಿದ ಅಡುಗೆಮನೆ ಗೋಡೆ, ಎಂಟು ಅಡಿಗೆ ಆರು ಅಡಿ. ಇನ್ನೊಂದು, ಟೊಮೆಟೊ, ಹದಿನೆಂಟು ಗುಂಟೆ, ನೂರಕ್ಕೆ 61 ಗಿಡದ ಕಾಯಿ ಕೊಳೆತಿದೆ.